ಪದಕ ಉಳಿಯಿತು, ಕಾಗದ ಎಲ್ಲಿ?

ರಾಜಾಜಿನಗರ, ವಿಜಯನಗರದ ಕಡೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರಲ್ಲಿ ಸೈನ್ಯದಲ್ಲಿದ್ದ ಅಜ್ಜನ ಪದಕ ಸಿಕ್ಕರೆ ಷೋಕೇಸಿಗೆ ಏರುತ್ತದೆ. ಜತೆಗಿದ್ದ ಹಳದಿ ಕಾಗದಗಳು ಹಳೇ ಪೇಪರಿನವನ ತಕ್ಕಡಿಗೆ ಹೋಗುತ್ತವೆ. ಆದರೆ ಅನುಭವಿ ಸಂಗ್ರಾಹಕರು ಮೊದಲು ಕೇಳುವುದು ಆ ಕಾಗದಗಳನ್ನೇ. ಏಕೆ?

ಎರಡನೇ ಮಹಾಯುದ್ಧದ ಜರ್ಮನ್ ಪ್ಯಾರಾಚೂಟ್ ಸೈನಿಕರ ದಾಖಲೆಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಇವನ್ನು ಹುಡುಕಿ ಕೂಡಿಡುವವರು ಹಲವು ದೇಶಗಳಲ್ಲಿದ್ದಾರೆ. ‘ಐರನ್ ಕ್ರಾಸ್’ ಪದಕದ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರಿರುವುದಿಲ್ಲ. ಹೆಸರು, ದರ್ಜೆ, ತುಕಡಿ, ತಾರೀಖು, ಅಧಿಕಾರಿಯ ಸಹಿ, ಮೊಹರು ಎಲ್ಲವೂ ಇರುವುದು ಪ್ರದಾನಪತ್ರದಲ್ಲಿ. ಸೈನಿಕನ ಜೇಬಿನಲ್ಲಿರುತ್ತಿದ್ದ ಸಂಬಳದ ಪುಸ್ತಕದಲ್ಲಿ ಬಡ್ತಿ, ಆಸ್ಪತ್ರೆವಾಸ, ಪದಕಗಳ ವಿವರವಿದೆ. ಸೇವಾ ಪುಸ್ತಕ ಮಾತ್ರ ತುಕಡಿಯ ಬಳಿ ಇರುತ್ತಿತ್ತು. ಆತ ಸತ್ತರೆ ಮನೆಯವರ ಕೈ ಸೇರುತ್ತಿತ್ತು.

ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. ಪತ್ರದ ತಾರೀಖಿಗೂ ಪುಸ್ತಕದ ನಮೂದಿಗೂ ತಾಳೆಯಾಗಬೇಕು. ಅತಿನೇರಳೆ ಬೆಳಕಿನಲ್ಲಿ ಕಾಗದ ಬಿಳಿ ನೀಲಿಯಾಗಿ ಹೊಳೆದರೆ ಅನುಮಾನ ಪಡಬೇಕು. ಹಾಗೆ ಹೊಳೆಯಿಸುವ ರಾಸಾಯನಿಕ ಕಾಗದದಲ್ಲಿ ಬಳಕೆಗೆ ಬಂದದ್ದು ಯುದ್ಧದ ನಂತರ.

ಅಸಲಿ ಕಾಗದವೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. 1941ರ ಮೇ 20ರಂದು ಜರ್ಮನ್ ಪ್ಯಾರಾಚೂಟ್ ಪಡೆ ಗ್ರೀಸಿನ ಕ್ರೀಟ್ ದ್ವೀಪದ ಮೇಲೆ ಇಳಿಯಿತು. ನಷ್ಟ ಎಷ್ಟು ಭಾರಿಯಾಗಿತ್ತೆಂದರೆ, ಅಂಥ ದೊಡ್ಡ ದಾಳಿಯನ್ನು ಹಿಟ್ಲರ್ ಮತ್ತೆ ನಡೆಸಲಿಲ್ಲ. ಅಲ್ಲಿ ಹೋರಾಡಿದವರಿಗೆ 1942ರಲ್ಲಿ ‘ಕ್ರೇಟಾ’ ಎಂದು ಬರೆದ ತೋಳುಪಟ್ಟಿ ಬಂತು. ಆದರೆ 1941ರ ಜೂನ್ 2ರಂದು ಅದೇ ದ್ವೀಪದ ಕೊಂಡೊಮಾರಿ ಹಳ್ಳಿಯ ಗಂಡಸರನ್ನು ಈ ಸೈನಿಕರು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದದ್ದು ಯಾವ ಪ್ರದಾನಪತ್ರದಲ್ಲೂ ಇಲ್ಲ. ಅದು ಜಗತ್ತಿಗೆ ಕಾಣುತ್ತಿರುವುದು ಸೇನೆಯ ಜತೆಗಿದ್ದ ಜರ್ಮನ್ ಛಾಯಾಗ್ರಾಹಕನೊಬ್ಬ ತೆಗೆದ ಚಿತ್ರಗಳಿಂದ. ಕಾಗದ ಕೂಡಿಡುವುದೆಂದರೆ ಶೌರ್ಯವನ್ನು ಕೊಂಡಾಡುವುದಷ್ಟೇ ಅಲ್ಲ, ಅಪರಾಧದ ಸಾಕ್ಷ್ಯವನ್ನೂ ಕಾಯುವುದು.

ನಮ್ಮಲ್ಲಿನ ಸ್ಥಿತಿ ಬೇರೆ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದದ್ದು ಮೈಸೂರು ಲ್ಯಾನ್ಸರ್ಸ್. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರನ್ನು ಕೊರೆದಿರುತ್ತಾರೆ. ಹೀಗಾಗಿ ಹೆಸರೇನೋ ಉಳಿಯುತ್ತದೆ. ಆತ ಯಾವ ಊರಿನವನು, ಮನೆಗೆ ಏನು ಬರೆದ, ಎಂದು ಹಿಂದಿರುಗಿದ ಎಂಬುದನ್ನು ಅಂಚು ಹೇಳಲಾರದು.

ಆದ್ದರಿಂದ ಟ್ರಂಕು ಇಳಿದಾಗ ಪದಕವನ್ನೂ ಕಾಗದವನ್ನೂ ಬೇರ್ಪಡಿಸಬಾರದು. ಲ್ಯಾಮಿನೇಟ್ ಮಾಡಿಸುವುದು ಬೇಡ. ಫೋಟೊದ ಹಿಂದೆ ಮೆಲ್ಲಗೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಬೇಕು. ಆ ಹೆಸರು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಯಬೇಕು.