ಚಟವೋ, ಬರೀ ನಾಚಿಕೆಯೋ?

ಮೊನ್ನೆ ಹಳೇ ಗೆಳೆಯನೊಬ್ಬ ಫೋನ್ ಮಾಡಿ ತಡವರಿಸುತ್ತಾ, "ನಂಗೆ ನೆಟ್ಟಲ್ಲಿ ಅಂಥವನ್ನ ನೋಡೋ ಚಟ ಹತ್ತಿಬಿಟ್ಟಿದೆ ಕಣೋ, ಇದು ಕಾಯಿಲೆನಾ?" ಅಂದ. ಅಂಥವು ಅಂದರೆ ಎಂಥವು ಅಂತ ನಾನೂ ಬಿಡಿಸಿ ಕೇಳಲಿಲ್ಲ. ಆದರೆ ಉತ್ತರ ಹುಡುಕಹೊರಟಾಗ ಗೊತ್ತಾಯಿತು, ಈ ಪ್ರಶ್ನೆಗೆ ವೈದ್ಯರೇ ಇನ್ನೂ ಜಗಳವಾಡುತ್ತಿದ್ದಾರೆ!

ಮಿತಿಮೀರಿದ ಕಾಮವನ್ನು ರೋಗವೆಂದು ಕ್ರಾಫ್ಟ್-ಎಬಿಂಗ್ 1886ರಲ್ಲೇ ಬರೆದಿದ್ದ. ಅದನ್ನು 'ಚಟ' ಎಂದು ಜನಪ್ರಿಯಗೊಳಿಸಿದ್ದು ಮಾತ್ರ ಅಮೆರಿಕದ ಪ್ಯಾಟ್ರಿಕ್ ಕಾರ್ನ್ಸ್, 1983ರ ತನ್ನ ಪುಸ್ತಕದಲ್ಲಿ. ಕುಡಿತ ಬಿಡಲು ಹೊರಟವರು ಒಟ್ಟಿಗೆ ಕೂತು ಮಾತಾಡುತ್ತಾರಲ್ಲ, ಆ ಮಾದರಿಯ ಗುಂಪುಗಳು ಅಲ್ಲಿ ಇದಕ್ಕೂ 1970ರ ದಶಕದಲ್ಲೇ ಶುರುವಾಗಿದ್ದವು. 1987ರಲ್ಲಿ ಅಲ್ಲಿನ ಮನೋವೈದ್ಯರ ಕೈಪಿಡಿ ಈ ಪದವನ್ನು ಒಳಗೆ ಬಿಟ್ಟುಕೊಂಡಿತು. 1994ರ ಆವೃತ್ತಿಯಲ್ಲಿ ಹೊರಗೆ ಹಾಕಿತು.

ಅಷ್ಟರಲ್ಲಿ ಇಂಟರ್ನೆಟ್ ಬಂತು. 1995ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ಇವಾನ್ ಗೋಲ್ಡ್‌ಬರ್ಗ್ ಆ ಕೈಪಿಡಿಯನ್ನು ಅಣಕಿಸಲೆಂದು 'ಇಂಟರ್ನೆಟ್ ಚಟ' ಎಂಬ ಕಾಯಿಲೆಯನ್ನು ಸೃಷ್ಟಿಸಿದ. ಬೆರಳುಗಳು ತಾವಾಗಿಯೇ ಟೈಪ್ ಮಾಡುವಂತೆ ಆಡುವುದೂ ಅದರ ಒಂದು ಲಕ್ಷಣವಂತೆ! ಮರುವರ್ಷ ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ ಅದೇ ವಿಷಯದ ಬಗ್ಗೆ ಗಂಭೀರವಾಗಿಯೇ ಪ್ರಬಂಧ ಮಂಡಿಸಿದಳು. 1998ರಲ್ಲಿ ಆಲ್ ಕೂಪರ್, ನೆಟ್ಟಿನ ಕಾಮದ ಸೆಳೆತಕ್ಕೆ ಮೂರು ಕಾರಣ ಕೊಟ್ಟ: ಸುಲಭವಾಗಿ ಸಿಗುತ್ತದೆ, ಅಗ್ಗ, ನೋಡುವವ ಯಾರೆಂದು ತಿಳಿಯದು. ನಮ್ಮ ಸೈಬರ್ ಕೆಫೆಗಳ ಪ್ಲೈವುಡ್ ಕ್ಯಾಬಿನ್ನುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ, ಬಿಡಿ.

ಮುಂದೆ ಮಾರ್ಟಿನ್ ಕಾಫ್ಕಾ 'ಅತಿಕಾಮ'ವನ್ನು ಕೈಪಿಡಿಗೆ ಸೇರಿಸಬೇಕೆಂದು ವಾದಿಸಿದ. 2013ರ ಆವೃತ್ತಿ ಒಪ್ಪಲಿಲ್ಲ. ಅದೇ ಆವೃತ್ತಿ ಜೂಜನ್ನು ಮಾತ್ರ ಕುಡಿತದ ಪಕ್ಕದಲ್ಲೇ, ಚಟಗಳ ಸಾಲಿನಲ್ಲಿ ಕೂರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಈ ತೊಂದರೆಗೆ ಕಡೆಗೂ ಜಾಗ ಸಿಕ್ಕಿತು. ಆದರೆ ಚಟವೆಂದಲ್ಲ, ತುಡಿತವನ್ನು ಹತೋಟಿಯಲ್ಲಿಡಲಾಗದ ತೊಂದರೆ ಎಂದು. ವಿಡಿಯೋ ಗೇಮ್ ಗೀಳು ಅದೇ ಪಟ್ಟಿಯಲ್ಲಿ ಚಟ!

ನನಗೆ ಹಿಡಿಸಿದ್ದು ಅದರಲ್ಲಿರುವ ಇನ್ನೊಂದು ಮಾತು. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಹತೋಟಿ ತಪ್ಪಿರಬೇಕು, ಬದುಕಿಗೆ ಪೆಟ್ಟು ಬಿದ್ದಿರಬೇಕು ಅಥವಾ ತೀವ್ರ ಸಂಕಟವಾಗಿರಬೇಕು. 'ಇದು ಪಾಪ' ಎಂಬ ಕೊರಗೊಂದೇ ಇದ್ದರೆ ಅದು ರೋಗವಲ್ಲ. ಅಮೆರಿಕದಲ್ಲಿ ಜೋಶುವಾ ಗ್ರಬ್ಸ್ ನಡೆಸಿದ ಅಧ್ಯಯನಗಳೂ ಇದಕ್ಕೆ ಹತ್ತಿರವಾದದ್ದನ್ನೇ ಹೇಳುತ್ತವೆ: ತಪ್ಪೆಂದು ನಂಬಿಕೊಂಡೇ ನೋಡುವವರು, ಸ್ವಲ್ಪ ನೋಡಿದರೂ ತಮ್ಮನ್ನು ಚಟಗಾರರೆಂದು ಕರೆದುಕೊಳ್ಳುವುದು ಹೆಚ್ಚು.

ಅದಕ್ಕೇ ಗೆಳೆಯನಿಗೆ ಕೇಳಿದೆ, "ಬಿಡೋಕೆ ಹೋಗಿ ಸೋತಿದ್ದೀಯೋ, ಅಥವಾ ನೋಡಿದ್ಮೇಲೆ ನಾಚಿಕೆ ಆಗುತ್ತೆ, ಅಷ್ಟೇನೋ?"

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ರಾತ್ರಿಯೆಲ್ಲಾ ಕೂತು ಎರಡು ಸಲ ಕೆಲಸ ಕಳ್ಕೊಂಡೆ. ಮನೇಲಿ ಗೊತ್ತಿಲ್ಲ" ಅಂದ.

ತಂತ್ರಜ್ಞಾನದ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಒಂದು ಕ್ಲಿನಿಕ್ ಶುರುವಾಗಿತ್ತು, ಅದರ ಬಗ್ಗೆ ಹೇಳಿದೆ. ಒಬ್ಬನೇ ಹೋಗೋಕೆ ಆಗಲ್ಲ ಅಂದ. ಬರುವ ವಾರ ರಜೆ ಹಾಕಿದ್ದೇನೆ.