ರಾಜಿಯೋ, ಒಪ್ಪಿಗೆಯೋ? ಕಡೂರು ಸೀಮೆಯ ಕೆಲವು ಮಾತುಗಳ ಚರಿತ್ರೆ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಯಾವ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ನಿಂತರೂ ಒಂದೇ ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. ಅರ್ಜಿ ಹಾಕಿದರು, ದರಖಾಸ್ತು ಮಂಜೂರಾಯಿತು, ಖಾತೆ ರದ್ದಾಯಿತು, ಹುಕುಂ ಜಾರಿಯಾಯಿತು, ಬಾಕಿ ವಸೂಲಾಯಿತು, ದಾವೆ ರಾಜಿಯಾಯಿತು. ಇವುಗಳಲ್ಲಿ ಹೆಚ್ಚಿನವು ಅರಬಿ ಅಥವಾ ಫಾರಸಿ ಮೂಲದವು ಎಂಬುದು ಹೊಸ ಸಂಗತಿಯಲ್ಲ. ನಿಘಂಟು ತೆರೆದವರಿಗೆಲ್ಲ ಗೊತ್ತಿದೆ. ಓದುಗರ ಗಮನವನ್ನು ನಾವು ಸೆಳೆಯಬಯಸುವುದು ಬೇರೊಂದರ ಕಡೆಗೆ. ಇವು ವಸ್ತುಗಳ ಹೆಸರುಗಳಲ್ಲ, ಕೃತ್ಯಗಳ ಹೆಸರುಗಳು. ಅಧಿಕಾರಿ ‘ಮಂಜೂರು ಮಾಡಿದೆ’ ಎಂದು ಬರೆದು ರುಜು ಹಾಕಿದಾಗ ಆತ ಯಾವುದೋ ಸುದ್ದಿಯನ್ನು ತಿಳಿಸುತ್ತಿರುವುದಿಲ್ಲ. ಆ ಬರಹದಿಂದಲೇ ಮಂಜೂರಾತಿ ನಡೆಯುತ್ತದೆ. ಮಾತೇ ಅಲ್ಲಿ ಕೆಲಸ.

ಈ ಪದಗಳು ಕನ್ನಡಕ್ಕೆ ಬಂದದ್ದು ಬಹುತೇಕ ಆಡಳಿತದ ಬಾಗಿಲಿನಿಂದ. ಬಿಜಾಪುರದ ಆದಿಲ್‌ಶಾಹಿಗಳ ನಂತರ, 1687ರಲ್ಲಿ, ಮೊಗಲರು ಸಿರಾವನ್ನು ಕೇಂದ್ರವಾಗಿಸಿ ಸುಬಾ ಒಂದನ್ನು ರಚಿಸಿದಾಗ ನಮ್ಮ ನೆರೆಯ ಬಸವಾಪಟ್ಟಣ, ಬೂದಿಹಾಳುಗಳು ಅದರ ಪರಗಣೆಗಳಾದವು. ಮುಂದೆ ಹೈದರಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಲೆಕ್ಕಪತ್ರಗಳ ಭಾಷೆ ಇನ್ನಷ್ಟು ಫಾರಸಿಯಾಯಿತು. ರಾಜ್ಯಗಳು ಹೋದವು, ಪದಗಳು ಉಳಿದವು. ಅಜ್ಜಂಪುರದವರಿಗೆ ಇದಕ್ಕೊಂದು ಉದಾಹರಣೆ ಮನೆಯಂಗಳದಲ್ಲೇ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಬದಲಿಸಿದನು. ಮೊದಲ ಪದ ಸಂಸ್ಕೃತದ್ದು, ಎರಡನೆಯದು ಅರಬಿಯದು. ಹೆಸರಿಟ್ಟ ಆ ಒಂದು ಮಾತಿನಿಂದ ತಳಿಯೊಂದರ ಗುರುತೇ ನಿಶ್ಚಯವಾಯಿತು. ಇಂದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿರುವ ಹಸುಗಳನ್ನು ಯಾರೂ ಬೆಣ್ಣೆ ಚಾವಡಿಯವು ಎನ್ನುವುದಿಲ್ಲ.

ಹಾಗೆಂದು, ಮಾತಿನಿಂದ ಕೃತ್ಯ ನಡೆಸುವ ವಿದ್ಯೆಯನ್ನು ಕನ್ನಡವು ಫಾರಸಿಯಿಂದ ಕಲಿಯಿತೆಂದು ಯಾರೂ ಭಾವಿಸಬಾರದು. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ದೇವಾಲಯದ ಬಳಿ, ಕವಿ ಜನ್ನನು ರಚಿಸಿದ ಶಾಸನವಿದೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಕೊಟ್ಟರು’, ‘ಬಿಟ್ಟ ದತ್ತಿ’ ಎಂಬ ಮಾತುಗಳು ಪರಿಚಿತ. ಕ್ರಿಯಾಪದ ಭೂತಕಾಲದಲ್ಲಿದೆ, ಆದರೆ ಆ ಮಾತಿನ ಬಲದಿಂದಲೇ ಭೂಮಿ ಮುಂದಿನ ತಲೆಮಾರುಗಳಿಗೂ ದತ್ತಿಯಾಗಿ ನಿಲ್ಲುತ್ತದೆ. ಕೊನೆಯಲ್ಲಿ ಬರುವ ಶಾಪವಾಕ್ಯವೂ ಬರೀ ಅಲಂಕಾರವಲ್ಲ, ದತ್ತಿಗೆ ಕಟ್ಟಿದ ಬೇಲಿ.

ಈ ಭೂತಕಾಲದ ಗುಟ್ಟು ಮದ್ರಸಾದಲ್ಲಿ ಫಿಕ್ಹ್ ಓದಿದವರಿಗೆ ತಟ್ಟನೆ ಹೊಳೆಯುತ್ತದೆ. ಅರಬಿಯಲ್ಲಿ ಮಾರುವವನು ‘ಬಿಅ್‌ತು’ ಎನ್ನುತ್ತಾನೆ, ಅಂದರೆ ‘ಮಾರಿದೆನು’. ವರನು ‘ಖಬಿಲ್‌ತು’ ಎನ್ನುತ್ತಾನೆ, ಅಂದರೆ ‘ಸ್ವೀಕರಿಸಿದೆನು’. ವ್ಯಾಕರಣದ ಪ್ರಕಾರ ಮುಗಿದುಹೋದ ಸಂಗತಿ. ವಾಸ್ತವದಲ್ಲಿ ಈಗ ತಾನೇ ಹುಟ್ಟುತ್ತಿರುವ ಕರಾರು. ನಮ್ಮ ಸಂತೆಗಳಲ್ಲಿಯೂ ದನದ ವ್ಯಾಪಾರ ಕುದುರಿದಾಗ, ಹಣ ಕೈಗೆ ಬರುವ ಮೊದಲೇ ರೈತನು ‘ಆಯ್ತು, ಕೊಟ್ಟೆ’ ಎನ್ನುವುದಿಲ್ಲವೇ? ಸುದ್ದಿ ತಿಳಿಸುವ ಮಾತಿಗೆ ‘ಖಬರ್’ ಎಂದೂ, ಹೊಸ ಸ್ಥಿತಿಯನ್ನು ಸೃಷ್ಟಿಸುವ ಮಾತಿಗೆ ‘ಇನ್‌ಶಾ’ ಎಂದೂ ನಮ್ಮ ವಿದ್ವಾಂಸರು ಹೆಸರಿಟ್ಟರು. ಈಜಿಪ್ಟಿನ ಮಾಲಿಕೀ ವಿದ್ವಾಂಸ ಶಿಹಾಬುದ್ದೀನ್ ಅಲ್ ಖರಾಫಿ (ನಿಧನ 1285) ‘ಅಲ್ ಫುರೂಖ್’ ಗ್ರಂಥದ ಆರಂಭದಲ್ಲೇ ಈ ಎರಡರ ವ್ಯತ್ಯಾಸವನ್ನು ವಿವರವಾಗಿ ಚರ್ಚಿಸಿದ್ದಾರೆ. ಯುರೋಪಿನಲ್ಲಿ ಇದೇ ವಿಚಾರ ಪ್ರಸಿದ್ಧವಾದದ್ದು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ನೀಡಿದ ಉಪನ್ಯಾಸಗಳಿಂದ. ಅವು ಗ್ರಂಥರೂಪದಲ್ಲಿ ಬಂದದ್ದು 1962ರಲ್ಲಿ, ಅವರ ಮರಣಾನಂತರ.

ಒಂದು ಕಡೆ ಮಾತ್ರ ಇವರಿಬ್ಬರ ದಾರಿ ಬೇರೆಯಾಗುತ್ತದೆ. ನಾಟಕದ ವೇದಿಕೆಯಲ್ಲಿ ಅಥವಾ ತಮಾಷೆಗೆ ಆಡಿದ ಮಾತು ಟೊಳ್ಳು, ಅದರಿಂದ ಕೃತ್ಯ ನಡೆಯದು ಎಂಬುದು ಆಸ್ಟಿನ್ನರ ನಿಲುವು. ಹನಫೀ ಫಿಕ್ಹ್ ವ್ಯಾಪಾರದ ಮಟ್ಟಿಗೆ ಇದನ್ನು ಒಪ್ಪುತ್ತದೆ. ಹಾಸ್ಯದ ಮಾರಾಟ ಮಾರಾಟವಲ್ಲ. ಆದರೆ ನಿಕಾಹ್, ತಲಾಕ್ ಮತ್ತು ಪತ್ನಿಯನ್ನು ಮರಳಿ ಸ್ವೀಕರಿಸುವುದು, ಈ ಮೂರರಲ್ಲಿ ತಮಾಷೆಯೂ ನಿಜವೇ ಎಂಬ ಅರ್ಥದ ಪ್ರವಾದಿವಚನ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ದನದ ವಿಷಯದಲ್ಲಿ ನಗಬಹುದು, ಹೆಣ್ಣಿನ ಬದುಕಿನ ವಿಷಯದಲ್ಲಿ ನಗುವಂತಿಲ್ಲ. ಒಬ್ಬನು ಒಂದೇ ಬಾರಿಗೆ ಮೂರು ತಲಾಕ್ ನುಡಿದನೆಂದು ಕೇಳಿ ಪ್ರವಾದಿವರ್ಯರು(ಸ) ಕೋಪದಿಂದ ಎದ್ದುನಿಂತ ವರದಿ ನಸಾಈಯಲ್ಲಿದೆ. ಆ ಕೋಪವನ್ನು ನಮ್ಮ ಸಮುದಾಯ ಸರಿಯಾಗಿ ಕೇಳಿಸಿಕೊಂಡಿದ್ದರೆ 2017ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಸಂಗತಿ ಹೋಗುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮಾತಿಗೆ ಇಷ್ಟು ಬಲವಿದ್ದರೆ, ಆಡುವವರಿಗೂ ಕೇಳುವವರಿಗೂ ಅದರ ಅರ್ಥ ಒಂದೇ ಆಗಿರಬೇಡವೇ? ಇಲ್ಲಿಗೆ ‘ರಾಜಿ’ ಪದದ ವಿಷಯ ಬರುತ್ತದೆ. ಅರಬಿಯಲ್ಲಿ ‘ರಾದೀ’ ಎಂದರೆ ಸಂತುಷ್ಟ, ಮನಸಾರೆ ಒಪ್ಪಿದವನು. ಸಹಾಬಿಗಳ ಹೆಸರಿನ ಮುಂದೆ ನಾವು ಗೌರವದಿಂದ ಹೇಳುವ ‘ರದಿಯಲ್ಲಾಹು ಅನ್ಹು’ ಕೂಡ ಅದೇ ಧಾತುವಿನದು. ಅದೇ ಪದ ಕನ್ನಡದ ನ್ಯಾಯಾಲಯಗಳನ್ನು, ಪಂಚಾಯಿತಿ ಕಟ್ಟೆಗಳನ್ನು ಹೊಕ್ಕು ಬೇರೆಯಾಯಿತು. ಕನ್ನಡದಲ್ಲಿ ರಾಜಿ ಎಂದರೆ ಇಬ್ಬರೂ ಅಷ್ಟಷ್ಟು ಬಿಟ್ಟುಕೊಟ್ಟು ಜಗಳ ಮುಗಿಸುವುದು. (ಪುನರುಕ್ತಿ ಎಂಬ ಅರ್ಥದ ‘ತಕ್ರಾರ್’ ನಮ್ಮಲ್ಲಿ ‘ತಕರಾರು’ ಆದದ್ದು ಇನ್ನೂ ಸೊಗಸು. ಹೇಳಿದ್ದನ್ನೇ ಹೇಳಿದರೆ ಜಗಳವಾಗದೆ ಇನ್ನೇನಾದೀತು!)

ಈಗ ನಿಕಾಹ್ ಮಜ್ಲಿಸನ್ನು ನೋಡೋಣ. ವಧುವಿನ ಪರವಾಗಿ ಹೋಗುವವರಿಗೆ ‘ವಕೀಲ್’ ಎನ್ನುತ್ತೇವೆ. ನ್ಯಾಯಾಲಯದ ವಕೀಲರೂ ಅದೇ ಪದದವರು. ಅವರು ಸಾಕ್ಷಿಗಳೊಂದಿಗೆ ಒಳಗೆ ಹೋಗಿ, ಗ್ರಾಂಥಿಕ ಉರ್ದುವಿನಲ್ಲಿ ಮಹರಿನ ಮೊತ್ತ ಹೇಳಿ, ‘ರಾಜೀ ಹೋ?’ ಎಂದು ಕೇಳುತ್ತಾರೆ. ಮನೆಯಲ್ಲಿ ದಖ್ಖನಿ ಆಡಿದರೂ ಹುಡುಗಿ ಓದಿದ್ದು ಕನ್ನಡ ಶಾಲೆಯಲ್ಲಿ. ಅವಳು ಯೋಚಿಸುವುದು, ಅಂಕಿ ಎಣಿಸುವುದು ಕನ್ನಡದಲ್ಲಿ. ಅವಳ ಮನಸ್ಸಿನಲ್ಲಿರುವ ರಾಜಿ ಯಾವುದು? ಸಂತೋಷದ ಒಪ್ಪಿಗೆಯೋ, ಬೇರೆ ದಾರಿಯಿಲ್ಲದ ಹೊಂದಾಣಿಕೆಯೋ? ಹೆಣ್ಣೆಂದರೆ ರಾಜಿ ಮಾಡಿಕೊಳ್ಳಬೇಕಾದವಳು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಲು ಈ ಪದದ ಕನ್ನಡದ ಅರ್ಥವೂ ಸ್ವಲ್ಪ ನೆರವಾಗಿದೆ ಎಂದು ನಮಗೆ ತೋರುತ್ತದೆ.

ಖನ್ಸಾ ಬಿಂತ್ ಖಿದಾಮ್ ಎಂಬ ಅನ್ಸಾರಿ ಮಹಿಳೆಯ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಹಿಂದೊಮ್ಮೆ ವಿವಾಹವಾಗಿದ್ದ ಅವರನ್ನು ತಂದೆ ಅವರ ಇಷ್ಟಕ್ಕೆ ವಿರುದ್ಧವಾಗಿ ಮತ್ತೆ ಮದುವೆ ಮಾಡಿಕೊಟ್ಟರು. ಆಕೆ ಪ್ರವಾದಿವರ್ಯರ(ಸ) ಬಳಿಗೆ ಬಂದು ತನಗದು ಇಷ್ಟವಿಲ್ಲವೆಂದು ತಿಳಿಸಿದರು. ಆ ನಿಕಾಹ್ ರದ್ದಾಯಿತು. ಕನ್ಯೆಯ ಮೌನವೂ ಸಮ್ಮತಿಯೆಂದು ಹದೀಸ್ ಹೇಳುವುದು ನಿಜ. ಆದರೆ ಪ್ರಶ್ನೆ ಅರ್ಥವಾದವಳ ಮೌನ ಸಮ್ಮತಿ, ಅರ್ಥವಾಗದವಳ ಮೌನ ಬರೀ ಮೌನ.

ಇದಕ್ಕೆ ಭಾಷೆಯ ಅಡ್ಡಿಯಂತೂ ಇಲ್ಲ. ನಮಾಝಿನಲ್ಲಿ ಕುರ್‌ಆನ್ ಪಠಣವನ್ನು ಫಾರಸಿಯಲ್ಲಿ ಮಾಡಬಹುದೇ ಎಂಬ ಬಗ್ಗೆ ಇಮಾಮ್ ಅಬೂಹನೀಫಾ (ನಿಧನ 767) ಮತ್ತು ಅವರ ಶಿಷ್ಯರ ನಡುವೆ ಭಿನ್ನಾಭಿಪ್ರಾಯವಿತ್ತು, ಮಝ್‌ಹಬ್ ಶಿಷ್ಯರ ಕಡೆಗೆ ನಿಂತಿತು. ಆದರೆ ನಿಕಾಹ್ ಆರಾಧನೆಯ ಮಂತ್ರವಲ್ಲ, ಕರಾರು. ಅದು ಅರಬಿಯಲ್ಲೇ ಆಗಬೇಕೆಂದು ಹನಫೀ ಫಿಕ್ಹ್ ಕೇಳುವುದಿಲ್ಲ. ಕೇಳುವುದು, ಸಾಕ್ಷಿಗಳಿಬ್ಬರೂ ಎರಡೂ ಕಡೆಯ ಮಾತನ್ನು ಕಿವಿಯಾರೆ ಕೇಳಿರಬೇಕು, ನಡೆಯುತ್ತಿರುವುದು ನಿಕಾಹ್ ಎಂದು ತಿಳಿದಿರಬೇಕು ಎಂದು. ಆದ್ದರಿಂದ ಖುತ್ಬಾ ಅರಬಿಯಲ್ಲಿರಲಿ, ದುಆ ಹೇಗೂ ಇರಲಿ, ವಧುವಿಗೆ ಕೇಳುವ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಕೇಳಬೇಕೆಂದು ನಾವು ಈ ಸೀಮೆಯ ಮಸೀದಿ ಕಮಿಟಿಗಳನ್ನು ಕೋರುತ್ತೇವೆ: ‘ನೋಡಮ್ಮಾ, ಇಂಥವರ ಮಗನೊಂದಿಗೆ, ಇಷ್ಟು ಮಹರಿಗೆ ನಿಕಾಹ್ ಮಾಡುತ್ತಿದ್ದೇವೆ, ನಿನಗೆ ಮನಸಾರೆ ಒಪ್ಪಿಗೆಯೇ?’

ಹೀಗೆ ಕೇಳಿದ ಕಡೆಗಳಲ್ಲಿ ಆದ ಒಂದು ಬದಲಾವಣೆಯನ್ನು ನಾವೇ ಕಂಡಿದ್ದೇವೆ. ತಲೆ ಆಡಿಸುವ ಬದಲು ಹುಡುಗಿಯರು ಮರುಪ್ರಶ್ನೆ ಕೇಳುತ್ತಾರೆ. ಹೆಚ್ಚಾಗಿ ಕೇಳುವುದು ಇದನ್ನು: ‘ಹಜ್ರತ್, ಮಹರ್ ಎಷ್ಟು ಅಂದ್ರಿ? ಈಗಲೇ ಕೊಡ್ತಾರಾ, ಆಮೇಲಾ?’