ಬೆನ್ನು ತಟ್ಟಿದರೆ ಕಫ ಸಡಿಲಾಗುವುದೆ? ಒಂದು ಚಿಕಿತ್ಸೆಯ ಶತಮಾನ

ಸೋಂದಾ-ಸ್ವರ್ಣವಲ್ಲಿಯ ಸುತ್ತಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಕಟ್ಟಿಗೆಯ ಹೊಗೆ ಹೊಸತಲ್ಲ. ಅಡುಗೆ ಒಲೆ, ಬಚ್ಚಲ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಇವೆಲ್ಲ ಹೊಗೆಯ ಮೂಲಗಳು. ಇಂಥ ಹೊಗೆಯನ್ನು ದಶಕಗಳ ಕಾಲ ಉಸಿರಾಡಿದವರಿಗೆ, ಅವರು ಎಂದೂ ಬೀಡಿ ಸೇದದಿದ್ದರೂ, ಶ್ವಾಸನಾಳಗಳು ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲೀನ ರೋಗ ಬರಬಹುದು. ಇದೇ ಸಿ.ಒ.ಪಿ.ಡಿ. ಕೆಮ್ಮಿ ಸೋತ ಅಜ್ಜಿಯ ಬೆನ್ನನ್ನು ಮನೆಯವರು ತಟ್ಟುತ್ತಾರೆ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟರೂ ಅಂಗೈಯನ್ನು ಬೊಗಸೆ ಮಾಡಿ ತಟ್ಟುವುದುಂಟು. ಇದರಿಂದ ನಿಜವಾಗಿ ಪ್ರಯೋಜನವಿದೆಯೆ?

ಈ ಚಿಕಿತ್ಸೆ ಹುಟ್ಟಿದ್ದು ಬೇರೊಂದು ರೋಗಕ್ಕಾಗಿ. ಬ್ರಾಂಕಿಯೆಕ್ಟಾಸಿಸ್ ಎಂಬ ರೋಗದಲ್ಲಿ ಶ್ವಾಸನಾಳಗಳು ಹಿಗ್ಗಿ, ಅಲ್ಲಿ ಕೀವು ತುಂಬಿದ ಕಫ ನಿಲ್ಲುತ್ತದೆ. ಪ್ರತಿಜೈವಿಕಗಳಿಲ್ಲದ ಕಾಲದಲ್ಲಿ ಅದನ್ನು ಹೊರಹಾಕುವುದೇ ಮುಖ್ಯ ಉಪಾಯವಾಗಿತ್ತು. ಲಂಡನ್ನಿನ ವೈದ್ಯ ವಿಲಿಯಂ ಯೂಅರ್ಟ್ 1901ರಲ್ಲಿ ದೇಹವನ್ನು ಓರೆಯಾಗಿಸಿ ಗುರುತ್ವದ ನೆರವಿನಿಂದ ಕಫ ಇಳಿಸುವ ವಿಧಾನವನ್ನು ವಿವರಿಸಿದ. 1934ರಲ್ಲಿ ನೆಲ್ಸನ್, ಶ್ವಾಸಕೋಶದ ಯಾವ ಭಾಗಕ್ಕೆ ಯಾವ ಭಂಗಿ ಸೂಕ್ತವೆಂದು ತೋರಿಸಿದ. ತಟ್ಟುವುದು ಮತ್ತು ಎದೆಯನ್ನು ಕಂಪಿಸುವುದು ಈ ಭಂಗಿಗಳ ಜೊತೆ ಸೇರಿದವು. ಭಾರತದಲ್ಲಿ ಫಿಸಿಯೋಥೆರಪಿ ಶಿಕ್ಷಣ 1950ರ ದಶಕದ ಮೊದಲಲ್ಲಿ ಮುಂಬೈಯಲ್ಲಿ, ಪೋಲಿಯೊ ಹಾವಳಿಯ ಹಿನ್ನೆಲೆಯಲ್ಲಿ ಆರಂಭವಾಯಿತು.

ಕಾಲಕ್ರಮದಲ್ಲಿ ಇದೇ ಚಿಕಿತ್ಸೆಯನ್ನು ಸಿ.ಒ.ಪಿ.ಡಿ.ಗೂ ಬಳಸಲಾಯಿತು. ಆದರೆ ಇಲ್ಲಿ ತೊಂದರೆ ಬರಿಯ ಕಫದ್ದಲ್ಲ. ನಾಳದ ಗೋಡೆ ಬಾತಿರುತ್ತದೆ. ಗಾಳಿಗೂಡುಗಳು ಸ್ಥಿತಿಸ್ಥಾಪಕತ್ವ ಕಳೆದುಕೊಂಡಿರುತ್ತವೆ. ಇವೆರಡೂ ತಟ್ಟಿದರೆ ಸರಿಹೋಗವು. 1975ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ದೀರ್ಘಕಾಲೀನ ಬ್ರಾಂಕೈಟಿಸ್ ರೋಗಿಗಳನ್ನು ಪರೀಕ್ಷಿಸಿದಾಗ, ತಟ್ಟಿದ ಬಳಿಕ ಮೊದಲ ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಗಾಳಿಯ ಪ್ರಮಾಣ ಕಡಿಮೆಯಾದದ್ದು ಕಂಡುಬಂದಿತು. 1979ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರ ಸಂಪಾದಕೀಯ ಈ ವಿಧಾನವನ್ನು ಕೆಚಪ್ ಸೀಸೆಯ ತಳ ಬಡಿಯುವುದಕ್ಕೆ ಹೋಲಿಸಿತು!

ಅದೇ ವರ್ಷ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಪ್ರಯರ್, ವೆಬರ್ ಮುಂತಾದವರು ಬೇರೊಂದು ದಾರಿ ತೋರಿಸಿದರು. ಕನ್ನಡಕದ ಗಾಜು ಒರೆಸುವ ಮುನ್ನ ನಾವು ಅದರ ಮೇಲೆ 'ಹಾ' ಎಂದು ಉಸಿರು ಬಿಡುತ್ತೇವಲ್ಲವೆ? ಹಾಗೆ ಗಂಟಲು ತೆರೆದಿಟ್ಟು ಒಂದೆರಡು ಬಾರಿ ರಭಸದಿಂದ ಉಸಿರು ಬಿಡುವುದು, ನಡುವೆ ಸಾವಧಾನವಾಗಿ ಉಸಿರಾಡುವುದು: ಇಷ್ಟೇ ವಿಧಾನ. ಹೊರಹರಿಯುವ ಗಾಳಿಯೇ ಕಫವನ್ನು ಸಣ್ಣ ನಾಳಗಳಿಂದ ದೊಡ್ಡ ನಾಳಗಳಿಗೆ ತಳ್ಳುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಇದರಿಂದ ಕಡಿಮೆ ಸಮಯದಲ್ಲಿ ಹೆಚ್ಚು ಕಫ ಹೊರಬಂದಿತು. ರೋಗಿಗೆ ಇನ್ನೊಬ್ಬರ ನೆರವೂ ಬೇಕಾಗಲಿಲ್ಲ.

ಎರಡನ್ನೂ ತೂಗಿ ನೋಡಿದ ದೊಡ್ಡ ಪ್ರಯೋಗದ ವರದಿ 2010ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದಿತು. ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದ 526 ಸಿ.ಒ.ಪಿ.ಡಿ. ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಉಸಿರಾಟದ ವಿಧಾನವನ್ನು ಎರಡೂ ಗುಂಪಿಗೆ ಕಲಿಸಿ, ಒಂದಕ್ಕೆ ಮಾತ್ರ ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕೊಟ್ಟರು. ಆರು ತಿಂಗಳ ನಂತರ ಜೀವನ ಗುಣಮಟ್ಟದಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ತಟ್ಟುವುದು ಯಾರಿಗೂ ಬೇಡವೆಂದಲ್ಲ. ಕಫ ಬಹಳವಿದ್ದು ತಾನಾಗಿ ಹೊರಹಾಕಲಾರದ ರೋಗಿಗೆ, ಚಿಕ್ಕ ಮಕ್ಕಳಿಗೆ ತಜ್ಞರು ಈಗಲೂ ಇದನ್ನು ಬಳಸುತ್ತಾರೆ. ಕಫದಲ್ಲಿ ರಕ್ತ ಕಂಡರೆ, ಪಕ್ಕೆಲುಬು ಮುರಿದಿದ್ದರೆ ಮನೆಯಲ್ಲಿ ತಟ್ಟಬಾರದು, ವೈದ್ಯರಿಗೆ ತೋರಿಸಬೇಕು.

ಪೇಟೆಯಿಂದ ದೂರ, ತೋಟದ ನಡುವೆ ಒಂಟಿಮನೆಯಲ್ಲಿರುವ ರೋಗಿ ದಿನವೂ ಫಿಸಿಯೋಥೆರಪಿಸ್ಟರ ಬಳಿ ಹೋಗಲಾರ. ಒಮ್ಮೆ ಸರಿಯಾಗಿ ಕಲಿತರೆ ತಾನೇ ಮಾಡಿಕೊಳ್ಳಬಹುದಾದ ವಿಧಾನ ಅವನಿಗೆ ದೊಡ್ಡ ಆಸರೆ. ಇನ್ನು ರೋಗವನ್ನು ತಡೆಯುವ ಮಾತು ಬಂದರೆ, ಹೊಗೆಯನ್ನೇ ಕಡಿಮೆ ಮಾಡಬೇಕು. ಶಿರಸಿಯಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳು ಯಶಸ್ವಿಯಾಗಿ ಹರಡಿದ ಬಗೆಯನ್ನು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕೊಟ್ಟಿಗೆಯ ಸಗಣಿ ಅಡುಗೆಮನೆಯ ಹೊಗೆಯನ್ನು ನೀಗಿದಷ್ಟೂ ಬೆನ್ನು ತಟ್ಟುವ ಪ್ರಸಂಗ ಕಡಿಮೆಯಾದೀತು.